ಮೂರು ಸೆಂಟಿಮೀಟರ್ ಲೆಕ್ಕ: ಲಿವರ್ ಗಡ್ಡೆಯೊಳಗೆ ಒಂದು ಆಂಟೆನಾ

ಮೈಕ್ರೋವೇವ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ. ಒಂದು, ಬೇಕರಿಯಲ್ಲಿ ಪಫ್ ಬಿಸಿ ಮಾಡಿಕೊಡುವ ಓವನ್. ಇನ್ನೊಂದು, ಇ ಅಂಡ್ ಸಿ ಶಾಖೆಯವರ ನಿದ್ದೆ ಕೆಡಿಸುವ ಸ್ಮಿತ್ ಚಾರ್ಟ್. ಇದೇ ತರಂಗವನ್ನು ಸೈಕಲ್ ಚಕ್ರದ ಕಡ್ಡಿಯಷ್ಟು ದಪ್ಪದ ಸೂಜಿಯ ಮೂಲಕ ಲಿವರ್‌ನೊಳಗೆ ಕಳಿಸಿ, ಅಲ್ಲಿರುವ ಚಿಕ್ಕ ಕ್ಯಾನ್ಸರ್ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಐದ್ಹತ್ತು ನಿಮಿಷದಲ್ಲಿ ಸುಟ್ಟುಬಿಡಬಹುದು. ಇದಕ್ಕೆ ಮೈಕ್ರೋವೇವ್ ಅಬ್ಲೇಷನ್ ಅಂತಾರೆ.

ಈ ಲೇಖನದಲ್ಲಿ ನಾವು ಎರಡು ಕೆಲಸ ಮಾಡೋಣ. ಮೊದಲು, ಇದರ ಹಿಂದಿನ ಎಂಜಿನಿಯರಿಂಗ್ ಅನ್ನು ನಮಗೆ ಗೊತ್ತಿರುವ ಸೂತ್ರಗಳಿಂದಲೇ ಬಿಡಿಸಿ ನೋಡೋಣ. ಆಮೇಲೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಮನೆಗಳಿಗೆ ಇದರಿಂದ ಏನು ಉಪಯೋಗ ಅಂತ ಕೇಳಿಕೊಳ್ಳೋಣ. ಎರಡಕ್ಕೂ ಉತ್ತರ ಒಂದೇ ಸಂಖ್ಯೆಯಲ್ಲಿದೆ: ಮೂರು ಸೆಂಟಿಮೀಟರ್.

ಬಿಸಿ ಹುಟ್ಟುವುದು ಹೇಗೆ?

ನೀರಿನ ಅಣುವಿನ ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ. ವಿದ್ಯುತ್ ಕ್ಷೇತ್ರ ಯಾವ ಕಡೆ ಇದೆಯೋ ಆ ಕಡೆಗೆ ಅದು ತಿರುಗಲು ನೋಡುತ್ತದೆ. 2.45 ಗಿಗಾಹರ್ಟ್ಜ್ ಆವರ್ತನದಲ್ಲಿ ಈ ಕ್ಷೇತ್ರ ಸೆಕೆಂಡಿಗೆ ಸುಮಾರು 490 ಕೋಟಿ ಸಲ ದಿಕ್ಕು ಬದಲಿಸುತ್ತದೆ. ಅಣು ತಿರುಗಿ ತಿರುಗಿ ಪಕ್ಕದ ಅಣುಗಳಿಗೆ ತಾಗುತ್ತದೆ, ಆ ಒದ್ದಾಟವೇ ಬಿಸಿಯಾಗುತ್ತದೆ. ಲಿವರ್‌ನ ಹೆಚ್ಚಿನ ಭಾಗ ನೀರೇ. ಆದ್ದರಿಂದ ಬಿಸಿ ಹೊರಗಿನಿಂದ ಒಳಗೆ ಹೋಗಬೇಕಾಗಿಲ್ಲ, ತರಂಗ ತಲುಪಿದ ಜಾಗದಲ್ಲೇ ಹುಟ್ಟುತ್ತದೆ.

ಇಲ್ಲೊಂದು ತಪ್ಪು ತಿಳುವಳಿಕೆ ಸರಿಮಾಡಿಕೊಳ್ಳೋಣ. 2.45 ಗಿಗಾಹರ್ಟ್ಜ್ ಅನ್ನುವುದು ನೀರಿನ ಅನುನಾದ ಆವರ್ತನ ಅಂತ ನಮ್ಮಲ್ಲಿ ಅನೇಕರು ಬರೆಯುತ್ತೇವೆ. ಅದು ಹಾಗಲ್ಲ. ದ್ರವ ನೀರು ಅತಿ ಹೆಚ್ಚು ಶಕ್ತಿ ಹೀರುವುದು 20 ಗಿಗಾಹರ್ಟ್ಜ್ ಆಸುಪಾಸಿನಲ್ಲಿ. ಆದರೆ ಅಷ್ಟು ಚೆನ್ನಾಗಿ ಹೀರಿದರೆ ತರಂಗ ಒಂದೆರಡು ಮಿಲಿಮೀಟರ್ ಒಳಗೇ ಮುಗಿದುಹೋಗುತ್ತದೆ. ನಮಗೆ ಬೇಕಾದದ್ದು ಸ್ವಲ್ಪ ಹೀರುವ, ಸ್ವಲ್ಪ ಮುಂದೆ ಹೋಗುವ ತರಂಗ. ಜೊತೆಗೆ 2.45 ಗಿಗಾಹರ್ಟ್ಜ್ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಬಳಕೆಗೆ ಬಿಟ್ಟುಕೊಟ್ಟ ಪಟ್ಟಿಯಲ್ಲಿದೆ. ಅಬ್ಲೇಷನ್ ಯಂತ್ರಗಳಲ್ಲಿ ಇದು ಅಥವಾ 915 ಮೆಗಾಹರ್ಟ್ಜ್ ಬಳಸುತ್ತಾರೆ.

ಈಗ ನಮ್ಮ ಸೂತ್ರ ಹಾಕಿ ನೋಡೋಣ. 2.45 ಗಿಗಾಹರ್ಟ್ಜ್‌ನಲ್ಲಿ ಲಿವರ್‌ನ ಸಾಪೇಕ್ಷ ಪರ್ಮಿಟಿವಿಟಿ ಸುಮಾರು 43, ವಾಹಕತೆ ಮೀಟರಿಗೆ ಸುಮಾರು 1.7 ಸೀಮೆನ್ಸ್. ಗಾಳಿಯಲ್ಲಿ ತರಂಗದೂರ 12.2 ಸೆಂಟಿಮೀಟರ್. ಅದನ್ನು 43ರ ವರ್ಗಮೂಲದಿಂದ ಭಾಗಿಸಿದರೆ ಲಿವರ್‌ನೊಳಗೆ ಸುಮಾರು 1.9 ಸೆಂಟಿಮೀಟರ್. ಕ್ಷೇತ್ರದ ಬಲ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುವ ದೂರ ಲೆಕ್ಕ ಹಾಕಿದರೆ ಸುಮಾರು 2 ಸೆಂಟಿಮೀಟರ್ ಬರುತ್ತದೆ. ಅಂದ್ರೆ ಆಂಟೆನಾ ಸುತ್ತ ಎರಡು ಸೆಂಟಿಮೀಟರ್ ಆಚೀಚೆ ಮಾತ್ರ ನೇರ ಬಿಸಿ. ಅದರಾಚೆಗೆ ಬಿಸಿ ಮೆಲ್ಲಗೆ ಹರಡಿ ಹೋಗಬೇಕು. ಮೂರು ಸೆಂಟಿಮೀಟರ್ ಅನ್ನುವ ಮಿತಿ ಎಲ್ಲಿಂದ ಬಂತು ಅನ್ನುವುದರ ಮೊದಲ ಸುಳಿವು ಇಲ್ಲೇ ಸಿಕ್ಕಿತು.

ಎಷ್ಟು ಬಿಸಿ ಸಾಕು?

ದೇಹದ ಬಿಸಿ 37 ಡಿಗ್ರಿ ಸೆಲ್ಸಿಯಸ್. ಜೀವಕೋಶವನ್ನು 50 ಡಿಗ್ರಿ ದಾಟಿಸಿ ಕೆಲವು ನಿಮಿಷ ಇಟ್ಟರೆ ಸಾಯುತ್ತದೆ. 60 ಡಿಗ್ರಿ ಮುಟ್ಟಿದರೆ ಹೆಚ್ಚು ಹೊತ್ತು ಬೇಡ, ಪ್ರೋಟೀನ್ ಕೂಡಲೇ ಗಟ್ಟಿಯಾಗುತ್ತದೆ. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುವುದಿಲ್ಲವೇ, ಹಾಗೆ. ಒಮ್ಮೆ ಗಟ್ಟಿಯಾದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ. ಚಿಕಿತ್ಸೆಯ ತತ್ವ ಇಷ್ಟೇ.

ಗಡ್ಡೆ ಮೂರು ಸೆಂಟಿಮೀಟರ್ ಇದ್ದರೆ ಮೂರೇ ಸೆಂಟಿಮೀಟರ್ ಸುಟ್ಟರೆ ಸಾಲದು. ಅಂಚಿನಲ್ಲಿ ಕಣ್ಣಿಗೆ ಕಾಣದ ಕೋಶಗಳು ಇರಬಹುದು. ಅದಕ್ಕೆ ಸುತ್ತಲೂ ಅರ್ಧದಿಂದ ಒಂದು ಸೆಂಟಿಮೀಟರ್ ಆರೋಗ್ಯವಂತ ಭಾಗವನ್ನೂ ಸೇರಿಸಿ ಸುಡುತ್ತಾರೆ. ಒಂದು ಸೆಂಟಿಮೀಟರ್ ಅಂತ ಹಿಡಿದರೆ ನಮ್ಮ ಗುರಿ ಐದು ಸೆಂಟಿಮೀಟರ್ ವ್ಯಾಸದ ಗೋಳ. ಗಾತ್ರ 65 ಘನ ಸೆಂಟಿಮೀಟರ್, ತೂಕ ಸುಮಾರು 69 ಗ್ರಾಂ. ಲಿವರ್‌ನ ವಿಶಿಷ್ಟ ಉಷ್ಣ ಗ್ರಾಮಿಗೆ ಸುಮಾರು 3.5 ಜೂಲ್. 37ರಿಂದ 60ಕ್ಕೆ ಏರಿಸಲು, ಅಂದ್ರೆ 23 ಡಿಗ್ರಿ ಏರಿಸಲು, ಬೇಕಾದದ್ದು 69 × 3.5 × 23, ಹತ್ತಿರ ಹತ್ತಿರ 5.6 ಕಿಲೋಜೂಲ್.

ಆದರೆ ವೈದ್ಯರು ಯಂತ್ರವನ್ನು 60 ವ್ಯಾಟ್‌ನಲ್ಲಿ ಹತ್ತು ನಿಮಿಷ ಓಡಿಸಿದರು ಅಂತ ಇಟ್ಟುಕೊಳ್ಳಿ. ಅದು 36 ಕಿಲೋಜೂಲ್. ನಮ್ಮ ಲೆಕ್ಕಕ್ಕಿಂತ ಆರು ಪಟ್ಟಿಗಿಂತ ಹೆಚ್ಚು! ಉಳಿದದ್ದು ಎಲ್ಲಿ ಹೋಯಿತು?

ಒಂದು ಪಾಲು ತೆಳ್ಳನೆಯ ಕೋಆಕ್ಸಿಯಲ್ ಕೇಬಲ್‌ನಲ್ಲೇ ನಷ್ಟವಾಗುತ್ತದೆ. ಇನ್ನೊಂದು ಪಾಲು ನಡುವಿನ ಭಾಗವನ್ನು 100 ಡಿಗ್ರಿ ದಾಟಿಸಿ ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತದೆ, ಏಕೆಂದರೆ ಅಂಚು 60 ಮುಟ್ಟಬೇಕಾದರೆ ನಡುವೆ ಅದಕ್ಕಿಂತ ಬಹಳ ಹೆಚ್ಚು ಇರಲೇಬೇಕು. ಮತ್ತೊಂದು ಪಾಲು ಗೋಳದ ಆಚೆಗಿನ ಭಾಗವನ್ನು ಬೆಚ್ಚಗೆ ಮಾಡಿ ಮುಗಿಯುತ್ತದೆ. ಕೊನೆಯದು, ದೊಡ್ಡ ಪಾಲುದಾರ: ರಕ್ತ.

ರಕ್ತ ಎಂಬ ಕೂಲಂಟ್

ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ. ಅದರೊಳಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅಂದ್ರೆ ಒಂದು ಗ್ರಾಮಿಗೆ ನಿಮಿಷಕ್ಕೆ ಒಂದು ಮಿಲಿಲೀಟರ್. ನಮ್ಮ 69 ಗ್ರಾಮಿನ ಗೋಳಕ್ಕೆ ನಿಮಿಷಕ್ಕೆ 69 ಮಿಲಿಲೀಟರ್ ಬಂದು ಹೋಗುತ್ತದೆ. 37 ಡಿಗ್ರಿಯಲ್ಲಿ ಬಂದ ರಕ್ತ 60 ಡಿಗ್ರಿಯಲ್ಲಿ ಹೊರಟರೆ ಎಷ್ಟು ಬಿಸಿ ಹೊತ್ತೊಯ್ಯುತ್ತದೆ? ಲೆಕ್ಕ ಹಾಕಿದರೆ ಸುಮಾರು 100 ವ್ಯಾಟ್ ಬರುತ್ತದೆ. ನಾವು ಕೊಡುತ್ತಿರುವುದೇ 60 ವ್ಯಾಟ್!

ಹಂಗಾದ್ರೆ ಇದು ಕೆಲಸ ಮಾಡೋದಾದ್ರೂ ಹೇಗೆ? ಈ ಪ್ರಶ್ನೆ ನಮ್ಮನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿತು. ಉತ್ತರ ಚೆನ್ನಾಗಿದೆ. ಆಂಟೆನಾ ಪಕ್ಕದ ಭಾಗ ಮೊದಲು ಬೇಗನೆ ಬಿಸಿಯಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಬೆಂದು ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಂಡ ಮೇಲೆ ಅಲ್ಲಿ ಕೂಲಂಟ್ ಇಲ್ಲ, ಬಿಸಿ ಮುಂದಿನ ಪದರಕ್ಕೆ ಸಾಗುತ್ತದೆ. ಅಲ್ಲಿಯೂ ಹಾಗೇ. ಹೀಗೆ ಒಳಗಿನಿಂದ ಹೊರಕ್ಕೆ ಪದರ ಪದರವಾಗಿ ಹೋಗುತ್ತದೆ. 1948ರಲ್ಲಿ ಹ್ಯಾರಿ ಪೆನ್ನೆಸ್ ಬರೆದ ಜೈವಿಕ ಉಷ್ಣ ಸಮೀಕರಣ ಇದನ್ನೇ ಜಮಾ-ಖರ್ಚಿನ ಹಾಗೆ ಬರೆಯುತ್ತದೆ: ತರಂಗ ಕೊಟ್ಟ ಬಿಸಿ ಮತ್ತು ಪಕ್ಕದಿಂದ ಹರಿದು ಬಂದ ಬಿಸಿ ಜಮಾ, ರಕ್ತ ಒಯ್ದದ್ದು ಖರ್ಚು, ಉಳಿದದ್ದೇ ಉಷ್ಣತೆಯ ಏರಿಕೆ. ಮೆಕ್ಯಾನಿಕಲ್‌ನವರಿಗೆ ಹೀಟ್ ಟ್ರಾನ್ಸ್‌ಫರ್ ಸಮೀಕರಣಕ್ಕೆ ಒಂದು ಪದ ಜಾಸ್ತಿ ಸೇರಿದಂತೆ ಕಾಣುತ್ತದೆ, ಅಷ್ಟೇ.

ಆದರೆ ಮೂರು ಮಿಲಿಮೀಟರಿಗಿಂತ ದೊಡ್ಡ ರಕ್ತನಾಳ ಸುಲಭಕ್ಕೆ ಮುಚ್ಚುವುದಿಲ್ಲ. ತುಂಬಿ ಹರಿಯುವ ಕಾಲುವೆಯ ದಂಡೆಯ ಮಣ್ಣನ್ನು ಬೆಂಕಿ ಹಚ್ಚಿ ಒಣಗಿಸಲು ಹೋದ ಹಾಗೆ, ಆ ನಾಳದ ಪಕ್ಕದ ಗಡ್ಡೆಯ ಭಾಗ ತಣ್ಣಗೇ ಉಳಿಯಬಹುದು. ಅಲ್ಲಿ ಉಳಿದ ಕೋಶಗಳಿಂದಲೇ ಕ್ಯಾನ್ಸರ್ ಮತ್ತೆ ಬೆಳೆಯಬಹುದು. ಆದ್ದರಿಂದ ಗಡ್ಡೆ ಎಷ್ಟು ದೊಡ್ಡದು ಅನ್ನುವುದರ ಜೊತೆ, ಎಲ್ಲಿದೆ ಅನ್ನುವುದನ್ನೂ ವೈದ್ಯರು ನೋಡುತ್ತಾರೆ.

ರೇಡಿಯೋ ತರಂಗಕ್ಕಿಂತ ಏನು ಭಿನ್ನ?

ಇದಕ್ಕಿಂತ ಹೆಚ್ಚು ರೂಢಿಯಲ್ಲಿದ್ದದ್ದು ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್. ಅಲ್ಲಿ ಸುಮಾರು 500 ಕಿಲೋಹರ್ಟ್ಜ್ ಪರ್ಯಾಯ ವಿದ್ಯುತ್ ಸೂಜಿಯಿಂದ ಹೊರಟು ದೇಹದ ಮೂಲಕ ತೊಡೆಗೆ ಅಂಟಿಸಿದ ಪ್ಯಾಡ್‌ಗೆ ಹೋಗುತ್ತದೆ. ಸೂಜಿಯ ಪಕ್ಕ ಸುಟ್ಟು ಕರಿಯಾದರೆ ರೋಧ ಏರಿ ವಿದ್ಯುತ್ ನಿಂತೇ ಹೋಗುತ್ತದೆ. ಕೆಂಡದ ಮೇಲೆ ಗೋಂಜಾಳದ ತೆನೆ ಇಟ್ಟು ಅವಸರ ಮಾಡಿದರೆ ಮೇಲೆ ಕರಿ, ಒಳಗೆ ಹಸಿ ಆಗುವಂತೆ.

ಮೈಕ್ರೋವೇವ್‌ಗೆ ವಾಹಕ ದಾರಿ ಬೇಕಾಗಿಲ್ಲ. ಒಣಗಿದ, ಕರಿಯಾದ ಭಾಗದ ಮೂಲಕವೂ ಅದು ಹಾದುಹೋಗುತ್ತದೆ. ತೊಡೆಯ ಪ್ಯಾಡ್ ಬೇಡ, ಸಮಯ ಕಡಿಮೆ, ರಕ್ತನಾಳದ ತಂಪಿನ ಕಾಟವೂ ಸ್ವಲ್ಪ ಕಡಿಮೆ.

ಹಾಗಂತ ತೊಂದರೆ ಇಲ್ಲದಿಲ್ಲ. ಭಾಗ ಒಣಗಿದಂತೆ ಪರ್ಮಿಟಿವಿಟಿ ಇಳಿಯುತ್ತದೆ, ತರಂಗದೂರ ಉದ್ದವಾಗುತ್ತದೆ, ಹಸಿ ಲಿವರ್‌ಗೆ ಹೊಂದಿಸಿದ ಆಂಟೆನಾದ ಮ್ಯಾಚಿಂಗ್ ಕೆಡುತ್ತದೆ. ಶಕ್ತಿ ವಾಪಸ್ ಹೊಡೆಯುತ್ತದೆ. ರಿಟರ್ನ್ ಲಾಸ್ 10 ಡೆಸಿಬೆಲ್ ಇದ್ದರೆ ಹತ್ತನೇ ಒಂದು ಪಾಲು ವಾಪಸ್ ಬಂದಂತೆ. ವಾಪಸ್ ಬಂದ ಶಕ್ತಿ ಮತ್ತು ಕೇಬಲ್ ನಷ್ಟ ಸೇರಿ ಸೂಜಿಯ ಹಿಡಿಯ ಕಡೆಗೆ ಬಿಸಿ ಹರಡಿದರೆ ಸುಟ್ಟ ಗೋಳಕ್ಕೆ ಬಾಲ ಬೆಳೆದು ಅದು ನೀರಿನ ಹನಿಯ ಆಕಾರಕ್ಕೆ ತಿರುಗುತ್ತದೆ, ಚರ್ಮವೂ ಸುಡಬಹುದು. ಅದಕ್ಕೆ ಸೂಜಿಯೊಳಗೇ ತಣ್ಣೀರು ಸುತ್ತಾಡುವ ನಾಳ ಇಡುತ್ತಾರೆ. ಎರಡು ಮಿಲಿಮೀಟರ್ ದಪ್ಪದೊಳಗೆ ಕೋಆಕ್ಸಿಯಲ್ ಕೇಬಲ್, ಆಂಟೆನಾ, ಹೋಗುವ ನೀರು, ಬರುವ ನೀರು. ಸ್ಮಿತ್ ಚಾರ್ಟ್ ಏನಕ್ಕೆ ಕಲೀಬೇಕು ಅಂತ ಕೇಳುವವರಿಗೆ ಇದನ್ನೇ ಉತ್ತರವಾಗಿ ಹೇಳಬಹುದು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಜಪಾನಿನಲ್ಲಿ 1979ರಲ್ಲಿ ತಬುಸೆ ಅವರು ಲಿವರ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ಮೈಕ್ರೋವೇವ್ ಬಳಸಿದರು. 1994ರಲ್ಲಿ ಸೆಕಿ ಮತ್ತು ಜೊತೆಗಾರರು ಅಲ್ಟ್ರಾಸೌಂಡ್ ನೋಡುತ್ತ ಚರ್ಮದ ಮೂಲಕವೇ ಸೂಜಿ ಇಳಿಸಿ ಸಣ್ಣ ಗಡ್ಡೆ ಸುಟ್ಟ ವರದಿ ಕೊಟ್ಟರು. ಕರುಳಿನಿಂದ ಲಿವರ್‌ಗೆ ಹರಡಿದ, ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗಳಲ್ಲಿ ಬಿಸಿಯಿಂದ ಸುಡುವುದು ಶಸ್ತ್ರಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ನೆದರ್ಲ್ಯಾಂಡ್ಸ್‌ನಲ್ಲಿ ನಡೆದ ಕೊಲಿಷನ್ ಪರೀಕ್ಷೆ 2024ರಲ್ಲಿ ತೋರಿಸಿತು.

ರೋಗಿಗೆ ಏನಾಗುತ್ತದೆ?

ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲು. ಉಪವಾಸ. ನಂತರ ಮಂಪರು ಅಥವಾ ಪೂರ್ಣ ಅರಿವಳಿಕೆ. ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಎಂಬ ತಜ್ಞರು ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡುತ್ತ ಪಕ್ಕೆಲುಬುಗಳ ಸಂದಿಯಿಂದ ಸೂಜಿ ಇಳಿಸುತ್ತಾರೆ. ಕರುಳು ತೀರ ಹತ್ತಿರ ಇದ್ದರೆ ನಡುವೆ ಡೆಕ್ಸ್‌ಟ್ರೋಸ್ ನೀರು ತುಂಬಿ ದೂರ ಸರಿಸುತ್ತಾರೆ. ಸುಡುವುದು ಐದ್ಹತ್ತು ನಿಮಿಷ. ಸೂಜಿ ಹೊರತೆಗೆಯುವಾಗ ಅದು ಹಾದುಬಂದ ದಾರಿಯನ್ನೂ ಸುಡುತ್ತಾರೆ, ರಕ್ತ ಸೋರಬಾರದು, ಕೋಶ ಹೊರಗೆ ಬರಬಾರದು ಅಂತ. ತೊಡಕಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ.

ನೋವು, ಕೆಲವು ದಿನ ಜ್ವರ ಸಾಮಾನ್ಯ. ರಕ್ತಸ್ರಾವ, ಕೀವು, ಪಿತ್ತನಾಳಕ್ಕೆ ಪೆಟ್ಟು ಕಡಿಮೆ ಜನರಲ್ಲಿ ಆಗಬಹುದು. ತಿಂಗಳ ನಂತರ ಸಿಟಿ ತೆಗೆದು ಪೂರ್ತಿ ಸುಟ್ಟಿದೆಯೇ ನೋಡುತ್ತಾರೆ, ಆಮೇಲೂ ಕೆಲವು ತಿಂಗಳಿಗೊಮ್ಮೆ ನೋಡುತ್ತಲೇ ಇರುತ್ತಾರೆ. ಸಿರೋಸಿಸ್ ಆಗಿ ಗಟ್ಟಿಯಾದ ಲಿವರ್‌ನಲ್ಲಿ ಒಂದು ಗಡ್ಡೆ ಸುಟ್ಟರೂ ಬೇರೆಡೆ ಇನ್ನೊಂದು ಏಳಬಹುದು. ಇದು ಎಲ್ಲರಿಗೂ ಒಗ್ಗುವ ಚಿಕಿತ್ಸೆಯಲ್ಲ. ಶಸ್ತ್ರಚಿಕಿತ್ಸೆ, ಲಿವರ್ ಕಸಿ, ಔಷಧ ಇವುಗಳ ನಡುವೆ ಯಾವುದು ಅಂತ ವೈದ್ಯರ ತಂಡವೇ ಹೇಳಬೇಕು.

ಈಗ ನಮ್ಮ ಊರಿನ ಲೆಕ್ಕ

ಯಂತ್ರ ಎಷ್ಟೇ ಚೆನ್ನಾಗಿರಲಿ, ಅದರ ಕೆಲಸ ಮೂರು ಸೆಂಟಿಮೀಟರ್ ಒಳಗೆ ಚೆಂದ. ನಾಲ್ಕೈದು ಸೆಂಟಿಮೀಟರ್‌ವರೆಗೆ ಕಷ್ಟಪಟ್ಟು ಎಳೆಯಬಹುದು. ಕಾರಣ ಸರಳ, ವ್ಯಾಸ ದುಪ್ಪಟ್ಟಾದರೆ ಗಾತ್ರ ಎಂಟು ಪಟ್ಟು. ಆರು ಸೆಂಟಿಮೀಟರ್ ಗಡ್ಡೆಗೆ ಅಂಚು ಸೇರಿ 268 ಘನ ಸೆಂಟಿಮೀಟರ್ ಸುಡಬೇಕು, ಮೊದಲಿನ 65ರ ಜಾಗದಲ್ಲಿ.

ಆದರೆ ಚಿಕ್ಕ ಗಡ್ಡೆ ನೋಯುವುದಿಲ್ಲ. ನೋವಿನ ನರಗಳು ಇರುವುದು ಮುಖ್ಯವಾಗಿ ಲಿವರ್‌ನ ಹೊದಿಕೆಯಲ್ಲಿ, ಒಳಗಲ್ಲ. ಹೊಟ್ಟೆ ಉಬ್ಬಿ, ತೂಕ ಇಳಿದು, ಕಣ್ಣು ಹಳದಿಯಾಗಿ ಗಾಡಿ ಮಾಡಿಕೊಂಡು ಹೊರಡುವ ಹೊತ್ತಿಗೆ ಈ ಸೂಜಿಯ ಕಾಲ ಬಹುತೇಕ ಮುಗಿದಿರುತ್ತದೆ.

ರಾಯಬಾಗದ ಕಡೆಯ ಒಬ್ಬ ಕಬ್ಬು ಬೆಳೆಗಾರರನ್ನು ಊಹಿಸಿಕೊಳ್ಳೋಣ. ಹಳೆಯ ಹೆಪಟೈಟಿಸ್ ಬಿ ಇದೆ, ಸಿರೋಸಿಸ್ ಆಗಿದೆ, ಒಂದೂವರೆ ಸೆಂಟಿಮೀಟರ್ ಗಡ್ಡೆ ಎದ್ದಿದೆ. ಗಡ್ಡೆಯ ಗಾತ್ರ ಐದು ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತದೆ ಅಂತ ಇಟ್ಟುಕೊಳ್ಳೋಣ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವವರಾದರೆ, ಒಂದು ಸಲ ಕಣ್ತಪ್ಪಿದರೂ ಮುಂದಿನ ಸಲಕ್ಕೆ ವ್ಯಾಸ 2 ಸೆಂಟಿಮೀಟರ್. ಇನ್ನೂ ಸಮಯ ಇದೆ. ‘ಏನೂ ತ್ರಾಸ ಇಲ್ಲಲ್ಲ, ಯಾಕ ತೋರಿಸಬೇಕು’ ಅಂತ ಎರಡು ವರ್ಷ ಬಿಟ್ಟರೆ ವ್ಯಾಸ 4.5 ಸೆಂಟಿಮೀಟರ್. ಅದೇ ಮನುಷ್ಯ, ಅದೇ ಗಡ್ಡೆ, ಅದೇ ಯಂತ್ರ. ವ್ಯತ್ಯಾಸ ನಾಲ್ಕು ಸ್ಕ್ಯಾನ್. ಅಂದ್ರೆ ಈ ಚಿಕಿತ್ಸೆ ಶುರುವಾಗುವುದು ದೊಡ್ಡ ಊರಿನ ಆಪರೇಷನ್ ಕೋಣೆಯಲ್ಲಲ್ಲ, ತಾಲ್ಲೂಕಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ.

ಯಾರಿಗೆ ಈ ಸ್ಕ್ಯಾನ್ ಬೇಕು? ಸಿರೋಸಿಸ್ ಇದ್ದವರಿಗೆ ಮತ್ತು ಹೆಪಟೈಟಿಸ್ ಬಿ ಇರುವವರಲ್ಲಿ ವೈದ್ಯರು ಹೇಳಿದವರಿಗೆ, ಆರು ತಿಂಗಳಿಗೊಮ್ಮೆ. ಇದರ ಜೊತೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಸಿರೋಸಿಸ್‌ಗೆ ದಾರಿ ಮಾಡುವವು ಹೆಪಟೈಟಿಸ್ ಬಿ ಮತ್ತು ಸಿ, ಕುಡಿತ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಲಿವರ್ ಕೊಬ್ಬು. ಬೀಡಿ, ಸಿಗರೇಟು ಶ್ವಾಸಕೋಶಕ್ಕೆ ಮಾತ್ರವಲ್ಲ, ಲಿವರ್ ಕ್ಯಾನ್ಸರ್‌ಗೂ ಕಾರಣ ಅನ್ನುವುದನ್ನು ತಂಬಾಕಿಗೆ ಹೆಸರಾದ ನಿಪ್ಪಾಣಿಯ ನಾವು ತಿಳಿದಿರಬೇಕು. ಬೂಸ್ಟು ಹಿಡಿದ ಶೇಂಗಾ, ಗೋಂಜಾಳದಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಇನ್ನೊಂದು ವೈರಿ. ಹೆಪಟೈಟಿಸ್ ಬಿ ಇದ್ದವರಿಗೆ ಅದು ಇನ್ನೂ ಅಪಾಯ. ಬೂಸ್ಟು ಬಂದದ್ದನ್ನು ತೊಳೆದು ಒಣಗಿಸಿ ಬಳಸಬೇಡಿ, ಎಸೆದುಬಿಡಿ.

ಕಾಮಾಲೆಗೆ ನಮ್ಮ ಕಡೆ ಕಾಮಣಿ ಅಂತಾರೆ. ಕಾಮಣಿ ಆದರೆ ಊರಿನ ಔಷಧ ತಗೊಂಡು, ಪಥ್ಯ ಮಾಡಿ, ಕಣ್ಣು ತಿಳಿಯಾದರೆ ವಾಸಿಯಾಯಿತು ಅಂದುಕೊಳ್ಳುವುದು ರೂಢಿ. ಕಾಮಣಿ ಒಂದು ರೋಗವಲ್ಲ, ಲಕ್ಷಣ. ಹಿಂದೆ ಯಾವ ವೈರಸ್ ಇದೆ ಅಂತ ನೋಡದಿದ್ದರೆ, ಬಿ ವೈರಸ್ ಸದ್ದಿಲ್ಲದೆ ಉಳಿದು ಇಪ್ಪತ್ತು ಮೂವತ್ತು ವರ್ಷದ ನಂತರ ಗಡ್ಡೆಯಾಗಿ ಕಾಣಿಸಿಕೊಳ್ಳಬಹುದು.

ಇನ್ನು ನಮ್ಮದೇ ಮಾತು. ಹೆಪಟೈಟಿಸ್ ಬಿ ಲಸಿಕೆ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ 2002ರ ಸುಮಾರಿಗೆ ಕೆಲವೆಡೆ ಪ್ರಯೋಗವಾಗಿ ಬಂದು, ಇಡೀ ದೇಶಕ್ಕೆ ಹರಡಿದ್ದು 2011ರಲ್ಲಿ. ಈಗ ಕಾಲೇಜಿನಲ್ಲಿರುವ ನಮ್ಮಲ್ಲಿ ಬಹುತೇಕರು ಹುಟ್ಟಿದ್ದು ಇದರ ನಡುವೆ! ತಾಯಿ ಕಾರ್ಡ್ ಹುಡುಕಿ ನೋಡಿ. ಲಸಿಕೆ ಹಾಕಿಸಿದ ಗುರುತಿಲ್ಲದಿದ್ದರೆ ಎಚ್‌ಬಿಎಸ್‌ಎಜಿ ಎಂಬ ಸಣ್ಣ ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಗಡ್ಡೆ ಸಿಕ್ಕಿದರೆ?

ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಕಾಗವಾಡ ಅಥಣಿಯವರು ಮಿರಜ್-ಸಾಂಗಲಿಗೆ, ಚಿಕ್ಕೋಡಿಯವರು ಬೆಳಗಾವಿಗೆ ಓಡುವುದು ಹಳೆಯ ರೂಢಿ. ರಾಜ್ಯದಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಹೊರಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಇದ್ದಾರಾ? ಮೈಕ್ರೋವೇವ್ ಅಥವಾ ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್ ಮಾಡ್ತೀರಾ? ಆಯುಷ್ಮಾನ್ ಕಾರ್ಡ್ ನಡೆಯುತ್ತದಾ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಗಡಿಯಾಚೆಯ ಆಸ್ಪತ್ರೆ ಯೋಜನೆಯಲ್ಲಿದೆಯೇ ಅಂತಲೂ ಮೊದಲೇ ಕೇಳಬೇಕು. ಆಸ್ಪತ್ರೆಯ ಆರೋಗ್ಯ ಮಿತ್ರರು ಇದನ್ನು ಹೇಳುತ್ತಾರೆ. ಸ್ಕ್ಯಾನ್ ವರದಿ ಮಾತ್ರವಲ್ಲ, ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ಗಡ್ಡೆ ಯಾವ ನಾಳದ ಪಕ್ಕದಲ್ಲಿದೆ ಅನ್ನುವುದು ಅದರಲ್ಲೇ ಕಾಣುವುದು.

ಆಂಟೆನಾ ಮ್ಯಾಚಿಂಗ್, ಹೀಟ್ ಟ್ರಾನ್ಸ್‌ಫರ್, ಇಮೇಜ್ ಪ್ರೊಸೆಸಿಂಗ್ ಮೂರೂ ಇಲ್ಲಿ ಸೇರಿವೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರು ಪೆನ್ನೆಸ್ ಸಮೀಕರಣವನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ, ರಕ್ತನಾಳವನ್ನು ಹತ್ತಿರ ದೂರ ಸರಿಸಿ, ಸುಟ್ಟ ಗೋಳದ ಆಕಾರ ಹೇಗೆ ಕೆಡುತ್ತದೆ ಅಂತ ನೋಡಬಹುದು. ಅದಕ್ಕೆ ಒಂದು ಸೆಮಿಸ್ಟರ್ ಬೇಕು. ಅದಕ್ಕೂ ಮೊದಲು ಈ ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ, ಕಾಕಾನಿಗೆ, ಆಯಿಗೆ ಕೇಳಿ: ಹಿಂದೆ ಕಾಮಣಿ ಆಗಿತ್ತಾ? ಆಗ ರಕ್ತ ಪರೀಕ್ಷೆ ಮಾಡಿಸಿದ್ರಾ? ಅದಕ್ಕೆ ಐದೇ ನಿಮಿಷ ಸಾಕು.